ನೂರಿಪ್ಪತ್ತಮೂರನೆಯ ದಿನ

ಆ ದಿನ ಕೋರ್ಟಿಗೆ ಹೊರಟಾಗ ನನ್ನ ಮನಸ್ಸಿನಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ. ಸಿಕಂದರಾಬಾದಿನ ನಮ್ಮ ಮನೆಯಿಂದ ಮೆಟ್ರೊ ನಿಲ್ದಾಣದವರೆಗೆ ಕರೆತಂದ ಆಟೋದವನ ಜೊತೆ ಜಗಳವಾಡಿ ಗೆದ್ದಿದ್ದೆ. ಬ್ಯಾಗಿನಲ್ಲಿ ಅಚ್ಚುಕಟ್ಟಾಗಿ ಟೈಪಾದ, ಕಕ್ಷಿದಾರಳು ಪುಟಪುಟಕ್ಕೂ ಸಹಿ ಹಾಕಿದ ಜವಾಬು ಇತ್ತು. ತನ್ನ ಮೇಲೆ ಹೂಡಿದ ದಾವೆಗೆ ಪ್ರತಿವಾದಿ ಕೋರ್ಟಿಗೆ ಬರೆದು ಕೊಡುವ ಉತ್ತರಕ್ಕೆ ನಾವು ಬಾಯಿಮಾತಿನಲ್ಲಿ ಹಾಗೆನ್ನುತ್ತೇವೆ. ಸಿವಿಲ್ ದಾವೆ ನಡೆಸುತ್ತಲೇ ಇಪ್ಪತ್ತೇಳು ವರ್ಷ ಕಳೆದವಳು ನಾನು. ಅವತ್ತಿನ ಕೆಲಸ ಎರಡು ನಿಮಿಷದ್ದು. ಎದ್ದು ನಿಂತು ಜವಾಬು ಕೊಟ್ಟು ಕೂತುಕೊಂಡರೆ ಮುಗಿಯಿತು.

ಕಕ್ಷಿದಾರಳು ಸುಲ್ತಾನ್ ಬಜಾರಿನಲ್ಲಿ ಮ್ಯಾಚಿಂಗ್ ಸೆಂಟರ್ ಇಟ್ಟವಳು. ಸೀರೆ ತೆಗೆದು ಗಲ್ಲೆಯ ಮೇಲಿಟ್ಟರೆ ಸಾಕು, ಹಿಂದೆ ತಿರುಗಿ ನೂರೆಂಟು ಹಸಿರುಗಳ ನಡುವೆ ಕೈ ಹಾಕಿ, ಅದೇ ಹಸಿರಿನ ಬ್ಲೌಸ್ ಪೀಸು, ಫಾಲ್ಸು ಎರಡನ್ನೂ ಎಳೆದು ಕೊಡುತ್ತಿದ್ದಳು. ನಾನು ಮೊದಲು ಅಲ್ಲಿಗೆ ಹೋದದ್ದು ಗಿರಾಕಿಯಾಗಿ. ನಾನು ಫೋನಿನಲ್ಲಿ ನನ್ನ ತಮ್ಮನಿಗೆ ಕನ್ನಡದಲ್ಲಿ ಬೈಯುತ್ತಿದ್ದುದನ್ನು ಕೇಳಿ, "ನೀವು ನಮ್ಮ ಕಡೀಯವರೇನ್ರಿ?" ಎಂದಳು. ಆಕೆಯದು ವಿಜಯಪುರದ ಕಡೆಯ ತವರು; ರಕ್ಷಣಾ ಕಾರ್ಖಾನೆಯಲ್ಲಿದ್ದ ಗಂಡನ ಹಿಂದೆ ಈ ಊರಿಗೆ ಬಂದವಳು. ಗಂಡ ತೀರಿಕೊಂಡ ಮೇಲೆ ಉಳಿದದ್ದು ಆ ಅಂಗಡಿ ಒಂದೇ. ನನ್ನ ಅಪ್ಪನೂ ರೈಲ್ವೆ ಕೆಲಸಕ್ಕೆಂದು ಅದೇ ಸೀಮೆಯಿಂದ ಬಂದವರು. ಬೀದಿಯಲ್ಲಿ ತೆಲುಗು, ಹಿಂದಿ ಆಡಿ ಆಡಿ ದವಡೆ ನೋಯಿಸಿಕೊಂಡ ನಮ್ಮಿಬ್ಬರಿಗೂ ಆ ಗಲ್ಲೆಯ ಮುಂದೆ ಒಂದು ನೆಮ್ಮದಿ ಸಿಗುತ್ತಿತ್ತು. ಆಕೆಗೆ ನಾನು ಅಕ್ಕಾರು ಆದೆ.

ಹಾಗಾಗಿ ಸಮನ್ಸು ಬಂದ ದಿನ ಆಕೆ ಬೇರೆ ಯಾವ ವಕೀಲರ ಬಾಗಿಲನ್ನೂ ತಟ್ಟದೆ ನೇರ ನನ್ನ ಆಫೀಸಿಗೆ ಬಂದಳು. ಅಂಗಡಿಯ ಹಳೆಯ ಮಾಲೀಕ ತೀರಿಕೊಂಡಿದ್ದ. ಮಣಿಕೊಂಡದ ಎತ್ತರದ ಫ್ಲಾಟಿನಲ್ಲಿರುವ ಮಗ, ಅಂಗಡಿ ಖಾಲಿ ಮಾಡಿಸಿಕೊಡಿ ಎಂದು ದಾವೆ ಹೂಡಿದ್ದ. ಆಕೆಯ ಅಂಗಡಿ, ಪಕ್ಕದ ಬಳೆ ಅಂಗಡಿ ಎರಡೂ ಅವನವೇ. ಎರಡನ್ನೂ ಒಡೆದು ಒಂದು ದೊಡ್ಡ ಶೋರೂಮು ಕಟ್ಟುವ ಯೋಚನೆ. ಬಳೆ ಅಂಗಡಿಯವನು ಆಗಲೇ ಜಾಗ ಬಿಟ್ಟು ಹೋಗಿದ್ದ.

"ನಮ್ಮ ದೊಡ್ಡ ಮಾಲೀಕರು ಬರದು ಕೊಟ್ಟಾರ‍್ರಿ ಅಕ್ಕಾರ. ಅಟ್ಟಾ ನಾನ ಕಟ್ಟಿಸೀನಿ, ಅದಕ್ಕ ಇನ್ನೂ ಹತ್ತು ವರ್ಷ ಬಿಡಸಂಗಿಲ್ಲಂತ ಅವರ ಕೈಬರಹದಾಗ ಐತಿ," ಎಂದು ಮಡಿಸಿ ಮಡಿಸಿ ಸವೆದ ಕಾಗದವೊಂದನ್ನು ತೆಗೆದಳು.

ಆ ಕಾಗದಕ್ಕೆ ಕಾನೂನಿನಲ್ಲಿ ಎಷ್ಟು ಬಲ ಎಂಬುದು ಆಮೇಲಿನ ಪ್ರಶ್ನೆ. ಅದನ್ನು ಜವಾಬಿನಲ್ಲಿ ಬರೆದು ಕೋರ್ಟಿನ ಮುಂದೆ ಇಟ್ಟರೆ ತಾನೆ ಬಲಾಬಲದ ಮಾತು? ಜವಾಬಿಲ್ಲದಿದ್ದರೆ ಆ ಕಾಗದ ಇದ್ದೂ ಇಲ್ಲದಂತೆ. ಆಕೆ ಸಾಕ್ಷಿ ಹೇಳುವ ಹಾಗೂ ಇಲ್ಲ. ಇಷ್ಟು ನನಗೆ ನಿದ್ದೆಗಣ್ಣಿನಲ್ಲೂ ಗೊತ್ತು.

ಗೊತ್ತಿದ್ದೂ ನಾನು ಮಾಡಿದ್ದೇನು ಎಂದು ಹೇಳುವ ಮೊದಲು ನಮ್ಮ ಕೋರ್ಟಿನ ಒಂದು ರೂಢಿ ಹೇಳಬೇಕು. ಸಿವಿಲ್ ಕೋರ್ಟಿನಲ್ಲಿ ವಕೀಲರು ಒಬ್ಬರಿಗೊಬ್ಬರು ವಾಯಿದೆ ಕೊಡುತ್ತಾರೆ. ಇವತ್ತು ನನಗೆ ಜ್ವರ, ನೀವು ತಕರಾರು ಮಾಡಬೇಡಿ. ನಾಳೆ ನಿಮ್ಮ ಮಗಳ ನಿಶ್ಚಿತಾರ್ಥ, ನಾನು ತಕರಾರು ಮಾಡುವುದಿಲ್ಲ. ಜವಾಬು ಹಾಕಲು ಕಾನೂನು ಗಡುವು ಹೇಳುತ್ತದೆ, ಎದುರು ವಕೀಲರು ಸುಮ್ಮನೆ ತಲೆಯಾಡಿಸುತ್ತಾರೆ, ಗಡುವು ಉದ್ದವಾಗುತ್ತದೆ. ಈ ರೂಢಿ ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ರಕ್ತದೊತ್ತಡದಿಂದ ಸತ್ತಿರುತ್ತಿದ್ದರು. ಆದರೆ ಈ ದಾವೆ ಬಂದಿದ್ದದ್ದು ವಾಣಿಜ್ಯ ದಾವೆಗಳ ಹೊಸ ಕೋರ್ಟಿಗೆ. ವ್ಯಾಪಾರದ ಜಾಗದ ತಂಟೆಗಳೂ ಈಗ ಅಲ್ಲಿಗೇ ಹೋಗುತ್ತವೆ. ಅಲ್ಲಿ ಸಮನ್ಸು ಮುಟ್ಟಿದ ದಿನದಿಂದ ನೂರಿಪ್ಪತ್ತು ದಿನ. ನೂರಿಪ್ಪತ್ತೊಂದನೆಯ ದಿನ ಬ್ರಹ್ಮನೇ ಬಂದರೂ ಜವಾಬು ತೆಗೆದುಕೊಳ್ಳುವ ಹಾಗಿಲ್ಲ. ಇದನ್ನು ನಾನೇ ಕಿರಿಯ ವಕೀಲರಿಗೆ ಒಂದು ಮಧ್ಯಾಹ್ನವಿಡೀ ಪಾಠ ಮಾಡಿದ್ದೆ.

ಎದುರು ವಕೀಲರು ನನ್ನ ವಾರಿಗೆಯವರು, ಹಳೇ ಶಹರದವರು, ಮಾತಿನಲ್ಲಿ ಸಕ್ಕರೆ. ಮೊದಲ ವಾಯಿದೆಗೇ ಮೆಟ್ಟಿಲ ಹತ್ತಿರ ನಿಲ್ಲಿಸಿ, "ಜಲ್ದಿ ಕ್ಯಾ ಹೈ ಮೇಡಂ? ಬಾತ್ ಕರ್ ಲೇಂಗೆ," ಎಂದರು. ಅವಸರವೇನು, ಮಾತಾಡಿಕೊಳ್ಳೋಣ, ಹೊಸ ಕಟ್ಟಡದಲ್ಲಿ ಹಿಂದುಗಡೆ ಒಂದು ಸಣ್ಣ ಅಂಗಡಿ ಕೊಟ್ಟು ರಾಜಿ ಮಾಡಿಸೋಣ, ನೀವು ಜವಾಬಿನಲ್ಲಿ ನನ್ನ ಕಕ್ಷಿದಾರನಿಗೆ ಚುಚ್ಚಿ ಬರೆದರೆ ಅವನು ಕೆರಳುತ್ತಾನೆ, ಸ್ವಲ್ಪ ತಡೆಯಿರಿ ಎಂದರು. ನಾನು ತಡೆದೆ. ಪ್ರತಿ ವಾಯಿದೆಗೂ ಇಬ್ಬರೂ ಎದ್ದು ರಾಜಿ ಮಾತು ನಡೆದಿದೆ ಎನ್ನುತ್ತಿದ್ದೆವು. ನ್ಯಾಯಾಧೀಶೆ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಒಮ್ಮೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ದಿನಗಳ ಲೆಕ್ಕ ನಿಮಗೆ ಗೊತ್ತಿದೆಯಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ತಲೆಯಾಡಿಸಿದೆ. ನನ್ನ ಮಗಳ ವಯಸ್ಸಿನವಳು ನನಗೆ ಲೆಕ್ಕ ಹೇಳಿಕೊಡಲು ಬಂದಳಲ್ಲ ಎಂದು ಒಳಗೊಳಗೇ ಸಿಡಿಮಿಡಿಗೊಂಡದ್ದೂ ಸುಳ್ಳಲ್ಲ.

ರಾಜಿ ಮುರಿದುಬಿತ್ತು. ಮಗರಾಯ ಹಿಂದುಗಡೆಯ ಅಂಗಡಿಯನ್ನೂ ಕೊಡಲೊಲ್ಲೆ ಎಂದ. ಸರಿ, ಜವಾಬು ಹಾಕಿದರಾಯಿತು ಎಂದು ಆ ಬೆಳಿಗ್ಗೆ ಆಟೋದವನನ್ನು ಗೆದ್ದು ಹೊರಟೆ.

ನಮ್ಮ ದಾವೆ ಕೂಗಿದರು. ನಾನು ಎದ್ದು ಜವಾಬನ್ನು ಮುಂದೆ ಚಾಚಿದೆ. ನ್ಯಾಯಾಧೀಶೆ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಕಡತದ ಹಾಳೆ ತಿರುಗಿಸಿ, ಸಮನ್ಸು ಮುಟ್ಟಿದ ತಾರೀಖು ಓದಿ, ಬೆರಳು ಮಡಿಸುತ್ತ ತಿಂಗಳು ಎಣಿಸತೊಡಗಿದರು. ಆ ಬೆರಳುಗಳನ್ನು ನೋಡುತ್ತ ನಾನೂ ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.

"ಇವತ್ತಿಗೆ ನೂರಿಪ್ಪತ್ತಮೂರು," ಎಂದರು ಅವರು.

ನಾನು ಏನೇನೋ ಹೇಳಿದೆ. ರಾಜಿ ಮಾತಿನ ವಿಷಯ ಹೇಳಿದೆ, ಬಡ ವ್ಯಾಪಾರಿಯ ವಿಷಯ ಹೇಳಿದೆ. ಎದುರು ವಕೀಲರು ಎದ್ದರು. ಇವರೇ ನನ್ನನ್ನು ಹಳ್ಳಕ್ಕೆ ಕೆಡವಿದರು ಎಂದು ಆ ಗಳಿಗೆಯಲ್ಲಿ ಅವರ ಮೇಲೆ ಹಲ್ಲು ಕಡಿಯುತ್ತಿದ್ದೆ. ಅವರು, ಜವಾಬು ತೆಗೆದುಕೊಳ್ಳಿ, ನಮ್ಮದೇನೂ ಆಕ್ಷೇಪವಿಲ್ಲ ಎಂದರು! ಅವರ ಹಿಂದೆ ಕೂತಿದ್ದ ಮಗರಾಯ ಅವರ ಕರಿ ಕೋಟಿನ ತುದಿ ಹಿಡಿದು ಜಗ್ಗಿದ. ಅವರು ಕೈ ಕೊಡವಿದರು. ಪಾಪ, ಅವರೂ ನನ್ನ ಹಾಗೆಯೇ ಹಳೇ ಕೋರ್ಟಿನ ಹಳೇ ಎತ್ತು. ದಿನ ಎಣಿಸಿರಲಿಲ್ಲ.

"ನಿಮ್ಮ ಒಪ್ಪಿಗೆಯಿಂದ ಪ್ರಯೋಜನವಿಲ್ಲ," ಎಂದರು ನ್ಯಾಯಾಧೀಶೆ. ದನಿಯಲ್ಲಿ ಗದರಿಕೆ ಇರಲಿಲ್ಲ. ಇದ್ದಿದ್ದರೆ ನನಗೆ ಸಹಾಯವಾಗುತ್ತಿತ್ತು. "ನನಗೂ ಆ ಅಧಿಕಾರವಿಲ್ಲ. ಮೇಡಂ, ನಾನು ಕೇಳಿದ್ದೆ ನಿಮಗೆ."

ಅಷ್ಟೂ ಇಂಗ್ಲಿಷಿನಲ್ಲಿ ನಡೆಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಕಕ್ಷಿದಾರಳಿಗೆ ಕನ್ನಡ, ತೆಲುಗು, ಹಿಂದಿ, ಮರಾಠಿ ನಾಲ್ಕೂ ಬರುತ್ತವೆ, ಇಂಗ್ಲಿಷು ಬರುವುದಿಲ್ಲ. ಕೋರ್ಟಿನಲ್ಲಿ ಆಕೆಯ ಕಿವಿ ನಾನೇ. ಹೊರಗೆ ಬಂದ ಕೂಡಲೇ ನನ್ನ ಮೊಣಕೈ ಹಿಡಿದಳು.

"ಏನಾತ್ರಿ ಅಕ್ಕಾರ? ಕಾಗದಾ ತಗೋಳ್ಳಿಲ್ಲ ಯಾಕ ಆ ಜಡ್ಜ್ ಬಾಯಿ?"

"ಭಾಳ ಕಟ್ಟುನಿಟ್ಟಿನ ಜಡ್ಜ್ ಅದಾರ. ಒಲ್ಲೆ ಅಂದ್ರು," ಎಂದೆ.

ನಾನು ಯೋಚಿಸಿ ಹೇಳಿದ ಮಾತಲ್ಲ ಅದು. ಬಾಯಿಯಿಂದ ತಾನಾಗಿ ಬಂತು. ಆಕೆ ಕೋರ್ಟಿನ ಬಾಗಿಲ ಕಡೆ ತಿರುಗಿ, "ಅಕೀ ಮನಿ ಹಾಳಾಗ. ನಮ್ಮಂಥವರ ಹೊಟ್ಟೀ ಮ್ಯಾಲ ಹೊಡೀತಾಳ," ಎಂದು ನೆಟಿಗೆ ಮುರಿದಳು. ನನ್ನ ಗುಮಾಸ್ತರು ಫೈಲು ಕಟ್ಟುತ್ತ, ನನಗಷ್ಟೇ ಕೇಳುವ ಹಾಗೆ, "ಸರಿಯಾಗಿ ಹೇಳಿದ್ರಿ ಮೇಡಂ, ಎಲ್ಲಾರೂ ಹಂಗ ಹೇಳ್ತಾರ," ಎಂದರು. ಅವರ ಮೆಚ್ಚುಗೆ ಕೇಳಿ ನನಗೆ ಹೇಸಿಗೆಯಾಯಿತು. ಆದರೂ ತಿದ್ದಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡೆ.

ಆ ನಾಳೆ ಎಂಟು ತಿಂಗಳು ಬರಲಿಲ್ಲ. ಹೇಳಿದರೆ ಆಕೆ ಧೈರ್ಯ ಕಳೆದುಕೊಳ್ಳುತ್ತಾಳೆ ಎಂದು ಒಂದು ವಾರ, ಮೊದಲು ದಾರಿ ಹುಡುಕಿ ಆಮೇಲೆ ಹೇಳೋಣ ಎಂದು ಇನ್ನೊಂದು ವಾರ. ನೆಪ ಹುಡುಕುವುದರಲ್ಲಿ ವಕೀಲರಿಗೆ ಯಾರಾದರೂ ಹೇಳಿಕೊಡಬೇಕೆ? ವಾಯಿದೆ ವಾಯಿದೆಗೆ ಆಕೆ ಬಂದು, ನಮ್ಮ ದಾವೆ ಕೂಗುವವರೆಗೆ ನನ್ನ ಬಲಕ್ಕೆ ಕೂರುತ್ತಿದ್ದಳು. ನ್ಯಾಯಾಧೀಶೆ ಒಳಗೆ ಬಂದು ಕೂತ ತಕ್ಷಣ ತುಟಿಯಲ್ಲೇ ಶಾಪ ಹಾಕುತ್ತಿದ್ದಳು. ನನಗೆ ಅದು ಕೇಳಿಸುತ್ತಿತ್ತು. ಆ ಅಂಗಡಿಗೆ ಬ್ಲೌಸ್ ಪೀಸಿಗೆಂದು ಹೋಗುವುದನ್ನೂ ನಿಲ್ಲಿಸಿದೆ.

ಜವಾಬು ಇಲ್ಲದವರಿಗೆ ಉಳಿಯುವುದು ಒಂದೇ ದಾರಿ. ಎದುರಿನವರ ಸಾಕ್ಷಿಗೆ ಪಾಟೀ ಸವಾಲು ಹಾಕಬಹುದು. ಅದೂ ನಮ್ಮ ಕಥೆ ಹೇಳಲು ಅಲ್ಲ, ಅವರ ಕಥೆಯಲ್ಲೇ ತೂತು ತೋರಿಸಲು. ಅವರು ಹಾಕಿದ ಕಾಗದಗಳನ್ನು ನಾನು ಎಷ್ಟು ಸಲ ಓದಿದೆನೋ ದೇವರಿಗೇ ಗೊತ್ತು. ತಿಂಗಳ ಬಾಡಿಗೆಯ ಜಾಗ ಬಿಡಿಸಲು ಮೊದಲು ನೋಟಿಸು ಕೊಟ್ಟಿರಬೇಕು. ಅವರು ಕೊಟ್ಟಿದ್ದರು. ರಿಜಿಸ್ಟರ್ ಅಂಚೆಯಲ್ಲಿ ಹೋಗಿ, 'ತೆಗೆದುಕೊಳ್ಳಲು ನಿರಾಕರಿಸಿದರು' ಎಂಬ ಷರಾದೊಂದಿಗೆ ವಾಪಸು ಬಂದ ಲಕೋಟೆ, ಅಂಟು ಬಿಚ್ಚದೆ, ಹಾಗೇ ಕೋರ್ಟಿನ ಕಡತದಲ್ಲಿತ್ತು. ನಿರಾಕರಿಸಿದರೆ ಕಾನೂನಿನ ದೃಷ್ಟಿಯಲ್ಲಿ ಮುಟ್ಟಿದ ಹಾಗೆಯೇ.

"ನೀವು ಖರೇನ ಒಲ್ಲೆ ಅಂದ್ರೇನು?" ಎಂದು ಆಕೆಯನ್ನು ಕೇಳಿದೆ.

"ಹೌದ್ರಿ. ವಕೀಲರ ಕವರ್ ತಗೊಂಡ್ರ ಕೇಸ್ ನಿಂದರ್ತೈತಿ, ತಗೋಳ್ಳಿಲ್ಲಂದ್ರ ನಿಂದ್ರಂಗಿಲ್ಲಂತ ಬಜಾರದಾಗ ಎಲ್ಲಾರೂ ಹೇಳಿದ್ರು," ಎಂದಳು. ನಾನು ಹಣೆ ಚಚ್ಚಿಕೊಂಡೆ. ಕಾನೂನು ಓದದ ಬಜಾರಿನವರು ಹೇಳಿಕೊಟ್ಟದ್ದು, ಓದಿದ ನಾನು ಮಾಡಿದ್ದು, ಎರಡೂ ಸೇರಿ ಆಕೆಯ ಕತ್ತಿಗೆ ಹಗ್ಗವಾಗಿತ್ತು.

ಒಂದು ಮಧ್ಯಾಹ್ನ ಅಂಚೆ ರಸೀದಿಗಳ ನಕಲು ನೋಡುತ್ತಿದ್ದೆ. ಎದುರಿನ ಆಫೀಸಿನವರು ಎರಡು ರಸೀದಿಗಳನ್ನು ಒಂದೇ ಹಾಳೆಗೆ ಅಂಟಿಸಿ ನಕಲು ಮಾಡಿದ್ದರು. ಒಂದು ನಮ್ಮ ಮ್ಯಾಚಿಂಗ್ ಸೆಂಟರಿನ ವಿಳಾಸದ್ದು, ಇನ್ನೊಂದು ಬಳೆ ಅಂಗಡಿಯದ್ದು. ಒಂದೇ ದಿನ, ಒಂದರ ಹಿಂದೆ ಒಂದು. ರಸೀದಿಯಲ್ಲಿ ಲಕೋಟೆಯ ತೂಕ ಇರುತ್ತದೆ. ಅದನ್ನು ಯಾರೂ ನೋಡುವುದಿಲ್ಲ, ನಾನೂ ನೋಡಿರಲಿಲ್ಲ. ನಮಗೆ ಕಳಿಸಿದ ನೋಟಿಸಿನ ನಕಲು ಕಡತದಲ್ಲಿದೆ, ಒಂದೇ ಒಂದು ಹಾಳೆ. ರಸೀದಿಯಲ್ಲಿ ನಮ್ಮ ಲಕೋಟೆ ಬಳೆ ಅಂಗಡಿಯ ಲಕೋಟೆಗಿಂತ ಭಾರ.

ಒಂದು ಹಾಳೆ ಅಷ್ಟು ಭಾರ ಹೇಗಾಯಿತು? ದಪ್ಪ ಕಾಗದವೋ, ಜೊತೆಗೆ ಬೇರೇನಾದರೂ ಇಟ್ಟಿದ್ದರೋ. ಅಥವಾ ಆಫೀಸಿನಲ್ಲಿ ಯಾರೋ ಎರಡು ನೋಟಿಸುಗಳನ್ನು ಅದಲುಬದಲು ಲಕೋಟೆಗೆ ತುರುಕಿದ್ದರೋ. ಇದನ್ನು ತಿಳಿಯಬೇಕಾದರೆ ಲಕೋಟೆ ಒಡೆಯಬೇಕು. ಒಡೆಯಬೇಕಾದರೆ ತುಂಬಿದ ಕೋರ್ಟಿನಲ್ಲಿ, ಸಾಕ್ಷಿಯ ಮುಂದೆಯೇ ಒಡೆಯಬೇಕು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀ ಸವಾಲಿನಲ್ಲಿ ಕೇಳಬಾರದು ಎಂದು ನನ್ನ ಕೈಕೆಳಗೆ ಬಂದವರಿಗೆಲ್ಲ ತಲೆ ಮೇಲೆ ಮೊಟಕಿ ಕಲಿಸಿದವಳು ನಾನು. ಒಳಗೆ ಸರಿಯಾದ ನೋಟಿಸೇ ಇದ್ದರೆ ದಾವೆ ಅಲ್ಲಿಗೇ ಮುಗಿಯಿತು, ಅಂಗಡಿ ಹೋಯಿತು, ಮುಗಿಸಿದವಳೂ ನಾನೇ ಆಗುತ್ತೇನೆ.

ಪಾಟೀ ಸವಾಲಿನ ದಿನ ಮಗರಾಯ ಸಾಕ್ಷಿಕಟ್ಟೆಯಲ್ಲಿ ನಿಂತು ಪ್ರತಿ ಉತ್ತರಕ್ಕೂ ಮೊದಲು ಗಡಿಯಾರ ನೋಡಿಕೊಳ್ಳುತ್ತಿದ್ದ. ನಾನು ಸುತ್ತುಬಳಸಿ ಬಂದೆ. ನೋಟಿಸು ಎಷ್ಟು ಹಾಳೆಯದು? ಒಂದು. ಜೊತೆಗೆ ಬೇರೆ ಕಾಗದ ಇಟ್ಟಿದ್ದಿರಾ? ಇಲ್ಲ. ಅದೇ ದಿನ ಇನ್ನೊಬ್ಬ ಬಾಡಿಗೆದಾರರಿಗೂ ಕಳಿಸಿದ್ದಿರಾ? ಹೌದು, ಅದಕ್ಕೇನೀಗ?

"ಲಕೋಟೆಯನ್ನು ಇಲ್ಲೇ ಒಡೆಯಲು ಅಪ್ಪಣೆಯಾಗಬೇಕು," ಎಂದೆ.

ಎದುರು ವಕೀಲರು ನಕ್ಕು, ಅಡ್ಡಿಯಿಲ್ಲ ಎಂದರು. ನ್ಯಾಯಾಧೀಶೆ ನಗಲಿಲ್ಲ. "ಒಳಗಿದ್ದದ್ದು ಏನೇ ಇರಲಿ, ದಾಖಲೆಗೆ ಸೇರುತ್ತದೆ. ಯೋಚಿಸಿದ್ದೀರಾ?" ಎಂದರು. ಎರಡನೆಯ ಸಲ ಅವರು ನನಗೆ ಎಚ್ಚರಿಕೆ ಕೊಡುತ್ತಿದ್ದರು. ಹಿಂದಿನ ಬೆಂಚಿನಿಂದ ಆಕೆ, "ಏನಂತಾಳ್ರಿ?" ಎಂದು ಪಿಸುಗುಟ್ಟಿದಳು. ನಾನು ತಿರುಗಲಿಲ್ಲ. "ಯೋಚಿಸಿದ್ದೇನೆ," ಎಂದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಏನೂ ಇರಲಿಲ್ಲ.

ಬೆಂಚ್ ಗುಮಾಸ್ತ ಕತ್ತರಿ ಹುಡುಕಲು ಎರಡು ಡ್ರಾಯರು ಎಳೆದ. ಸಿಗಲಿಲ್ಲ. ಕೊನೆಗೆ ಸ್ಕೇಲಿನಿಂದ ಅಂಚು ಸೀಳಿ ಒಳಗಿನದನ್ನು ಎಳೆದು ಬಿಡಿಸಿದ. ಮೂರು ಹಾಳೆ. ನ್ಯಾಯಾಧೀಶೆ ಮೊದಲ ಸಾಲನ್ನು ಓದಿದರು, ಆಮೇಲೆ ಸಾಕ್ಷಿಯ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದರು. ಅವನು ಓದಲಿಲ್ಲ. ಅದು ಬಳೆ ಅಂಗಡಿಯವನಿಗೆ ಬರೆದ ನೋಟಿಸು.

ಎದುರು ವಕೀಲರು ಎದ್ದರು, ಕೂತರು, ಮತ್ತೆ ಎದ್ದರು. ನನಗೆ ಗೆದ್ದೆ ಅನ್ನಿಸಲಿಲ್ಲ. ಮೇಜು ಹಿಡಿದುಕೊಂಡು, "ಬೇರೆ ಪ್ರಶ್ನೆಗಳಿಲ್ಲ," ಎಂದೆ. ಆಕೆ ಅಂದು ಆ ಲಕೋಟೆಯನ್ನು ತೆಗೆದುಕೊಂಡಿದ್ದರೆ ತಪ್ಪು ಕಾಗದ ನೋಡಿ ಎಸೆದುಬಿಡುತ್ತಿದ್ದಳು, ನಮ್ಮ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಆಕೆಯ ತಪ್ಪೇ ಆಕೆಯನ್ನು ಕಾಯಿತು. ನನ್ನ ತಪ್ಪಿಗೆ ಅಂಥ ಭಾಗ್ಯ ಇರಲಿಲ್ಲ.

ಕೆಲವು ವಾರಗಳ ಮೇಲೆ ತೀರ್ಪು ಬಂತು. ಪ್ರತಿವಾದಿಗೆ ನೋಟಿಸು ಕೊಟ್ಟೇ ಇಲ್ಲವಾದ್ದರಿಂದ ದಾವೆ ವಜಾ. ವಾದಿ ಬೇಕಾದರೆ ಹೊಸದಾಗಿ ನೋಟಿಸು ಕೊಟ್ಟು ಹೊಸ ದಾವೆ ಹೂಡಬಹುದು. ಹೂಡಿಯೇ ಹೂಡುತ್ತಾನೆ, ಅನುಮಾನವಿಲ್ಲ. ಆದರೆ ಹೊಸ ದಾವೆಯೆಂದರೆ ಹೊಸ ಸಮನ್ಸು, ಹೊಸ ನೂರಿಪ್ಪತ್ತು ದಿನ. ನಾನು ಕಳೆದದ್ದು ಆಕೆಗೆ ತಿರುಗಿ ಸಿಕ್ಕಿತ್ತು. ಆ ಸವೆದ ಕಾಗದ ಇನ್ನು ಕೋರ್ಟಿನ ಮುಂದೆ ಬರುವ ಹಾಗಾಯಿತು.

ವರಾಂಡದಲ್ಲಿ ಆಕೆ ಮಿಠಾಯಿ ಡಬ್ಬಿ ತೆರೆದು ಗುಮಾಸ್ತರಿಗೆ ಕೊಟ್ಟಳು, ಪೊಲೀಸಿನವನಿಗೆ ಕೊಟ್ಟಳು, ನನ್ನ ಬಾಯಿಗೆ ತಾನೇ ತುರುಕಲು ಬಂದಳು. "ಕಡೀಕಾದ್ರೂ ಆ ಜಡ್ಜ್ ಬಾಯಿಗೆ ಬುದ್ಧಿ ಬಂತಲ್ರಿ ಅಕ್ಕಾರ! ಮೊದಲ ನಮ್ಮ ಕಾಗದಾ ತಗೊಂಡಿದ್ರ ಇಷ್ಟು ಫಜೀತಿ ಇರ್ತಿದ್ದಿಲ್ಲ."

ಸುಮ್ಮನಿರಬಹುದಿತ್ತು. ಗೆದ್ದ ದಿನ ಹಳೆಯದನ್ನು ಕೆದಕುವವರು ಯಾರು? ಗುಮಾಸ್ತರ ಮುಖವೂ ಅದನ್ನೇ ಹೇಳುತ್ತಿತ್ತು. ಆದರೆ ಆ ತುತ್ತು ಬಾಯಿಯ ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ.

"ಅವರ ತಪ್ಪಿಲ್ಲ," ಎಂದೆ. "ಅವತ್ತು ಟೈಮ್ ಮುಗದಿತ್ತು. ಮೂರು ದಿನ ಹೆಚ್ಚಾಗಿತ್ತು. ಜವಾಬು ತಯಾರಿದ್ರೂ ನಾನ ಇಟಗೊಂಡು ಕುಂತಿದ್ದೆ. ಅವರು ಮೊದಲ ಒಮ್ಮೆ ಎಚ್ಚರಾನೂ ಕೊಟ್ಟಿದ್ರು. ನಾ ನಿಮಗ ಸುಳ್ಳು ಹೇಳಿದೆ."

ಆಕೆಯ ಕೈ ಅಲ್ಲೇ ನಿಂತಿತು. ನಾನು ಎಲ್ಲವನ್ನೂ ಹೇಳಿದೆ: ಮೆಟ್ಟಿಲ ಹತ್ತಿರದ ರಾಜಿ ಮಾತು, ದಿನಗಳ ಲೆಕ್ಕ, ಮುಂದಿನ ಸಮನ್ಸು ಬಂದ ದಿನವೇ ತಾರೀಖು ಬರೆದಿಟ್ಟುಕೊಳ್ಳಬೇಕು ಎಂಬುದು. ಆಕೆ ಕೊನೆಗೆ, "ಹೌದೇನ್ರಿ," ಎಂದಳು. ತುತ್ತನ್ನು ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿ ಮೆಟ್ರೊ ಕಡೆಗೆ ನಡೆದಳು.

ಹೊಸ ನೋಟಿಸು ಬಂತು, ಆಮೇಲೆ ಹೊಸ ಸಮನ್ಸೂ ಬಂತು. ಅದು ಬಂದ ಮೂರನೆಯ ದಿನ ಆಕೆ ನನ್ನ ಆಫೀಸಿಗೆ ಬಂದಳು. ನಾನು ಆಗಲೇ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು, ಈ ಸಲ ಹತ್ತೇ ದಿನದಲ್ಲಿ ಜವಾಬು ಹಾಕಿಬಿಡುತ್ತೇನೆ ಎಂದು ಮಾತು ಶುರುಮಾಡಿದೆ. ಆಕೆ ನಿಂತೇ ಇದ್ದಳು.

"ಹಳೇ ಫೈಲ್ ಕೊಡ್ರಿ ಅಕ್ಕಾರ. ಬ್ಯಾರೆ ವಕೀಲರನ್ನ ಹಿಡದೀನಿ."

ನಾನು ಕಪಾಟು ತೆಗೆದು ಫೈಲು ಹುಡುಕುವ ನೆಪದಲ್ಲಿ ಆಕೆಗೆ ಬೆನ್ನು ಮಾಡಿ ನಿಂತೆ. "ನನ್ನ ತಪ್ಪು ದೊಡ್ಡದೈತಿ, ಗೊತ್ತೈತಿ. ಸಿಟ್ಟು ಬಂದದ್ದು ಸಹಜ," ಎಂದೆ.

"ತಪ್ಪಿಗೆ ಸಿಟ್ಟಿಲ್ರಿ. ತಪ್ಪು ನಾನೂ ಮಾಡಿದ್ನಿ, ಕವರ್ ತಗೋಳ್ಳಿಲ್ಲ," ಎಂದಳು ಆಕೆ. ದನಿ ಎತ್ತರಿಸಲಿಲ್ಲ. "ಎಂಟು ತಿಂಗಳು ಆ ಬಾಯಿಗೆ ಬೈಕೊಂತ ಕುಂತಿದ್ನಿ. ಅಕೀ ಮನಿ ಹಾಳಾಗಲಿ ಅಂದೆ. ನೀವು ನನ್ನ ಬಾಜೂಕ ಕುಂತು ಕೇಳಿದ್ರಿ. ಒಮ್ಮೆನೂ ಬ್ಯಾಡ ಅನ್ಲಿಲ್ಲ."

ನಾನು ಫೈಲು ತೆಗೆದು ಮೇಜಿನ ಮೇಲಿಟ್ಟೆ. ಆಕೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಅವಚಿಕೊಂಡಳು. ಏನಾದರೂ ಕೇಳಲೇಬೇಕೆಂದು, ಹೊಸ ವಕೀಲರು ಯಾರು, ನಮ್ಮ ಕಡೆಯವರೇ ಎಂದು ಕೇಳಿದೆ.

"ಅಲ್ರಿ. ತೆಲುಗಿನವರು. ಅವರಿಗೆ ಕನ್ನಡ ಬರಂಗಿಲ್ಲ," ಎಂದಳು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತ, ನನ್ನ ಕಡೆ ನೋಡದೆ ಇನ್ನೊಂದು ಮಾತು ಸೇರಿಸಿದಳು. "ಛಲೋ ಆತ್ರಿ ಅದು."